ಲೂಥರ್ ನಮ್ಮ ಸೀಮೆಗೆ ಬಂದ ದಾರಿ

ಇತಿಹಾಸದ ತಾಸಿನಲ್ಲಿ ಮಾರ್ಟಿನ್ ಲೂಥರನ ಪಾಠ ಬಂದಾಗಲೆಲ್ಲ ನನ್ನ ವರ್ಗದಲ್ಲಿ ನಡೆಯುವುದು ಒಂದೇ. 1517, ವಿಟೆನ್‌ಬರ್ಗ್, 95 ವಾದಾಂಶಗಳು ಎಂದು ನಾನು ಹಲಗೆಯ ಮೇಲೆ ಬರೆಯುತ್ತೇನೆ. ಮಕ್ಕಳು ವಹಿಯಲ್ಲಿ ಇಳಿಸಿಕೊಂಡು ಕಿಟಕಿಯ ಆಚೆ ನೋಡತೊಡಗುತ್ತಾರೆ. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಈ ಲೂಥರನ ಮಂದಿ ನಮ್ಮ ಕಡೆ ಅದಾರೇನ್ರಿ?" ಎಂದಳು. "ನಾಳೆ ಹೇಳತೀನಿ" ಅಂದೆ. ಆ ನಾಳೆ ಬಹಳ ದಿನ ಹಿಡಿಯಿತು. ಉತ್ತರ ಗಂಟೆ ಹೊಡೆಯುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ, ಕ್ರೈಸ್ತ ಸಭೆಗಳ ಪರಿಚಯವೇ ಇಲ್ಲದವರಿಗೂ ತಿಳಿಯುವಂತೆ ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಜಾಗ ಎಲ್ಲಿದೆ ಎಂದು ನೋಡೋಣ. ಜತ್ತ ತಾಲೂಕು ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ಉಮದಿ, ಸಂಖ, ಗುಡ್ಡಾಪುರದ ಕಡೆ ನಡೆದರೆ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಬರುವವರಲ್ಲಿ ಗಡಿಯಾಚೆಯ ಕನ್ನಡಿಗರೇ ಕಿಕ್ಕಿರಿದಿರುತ್ತಾರೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ ಬ್ರಿಟಿಷರ ಕಾಲದಲ್ಲಿ ವಿಜಾಪುರದ ಕಲೆಕ್ಟರರ ಮೇಲ್ವಿಚಾರಣೆಯಲ್ಲಿತ್ತು. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, ಮರುವರ್ಷ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಯ ಪಾಲಾಯಿತು. ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಹೀಗಾಗಿ ನಮ್ಮ ಕಡೆ ಯಾವುದರ ಇತಿಹಾಸ ಹುಡುಕಿದರೂ ಎರಡು ದಾರಿ ಹಿಡಿಯಬೇಕು, ಒಂದು ಮೀರಜಿನ ಕಡೆಗೆ, ಒಂದು ವಿಜಾಪುರದ, ಅಂದರೆ ಈಗಿನ ವಿಜಯಪುರದ ಕಡೆಗೆ. ಕ್ರೈಸ್ತ ಸಭೆಗಳ ಇತಿಹಾಸಕ್ಕೂ ಇದೇ ಲೆಕ್ಕ.

ಮೀರಜಿನ ದಾರಿ ನಮ್ಮವರಿಗೆಲ್ಲ ಗೊತ್ತು. ಕಾಯಿಲೆ ಜೋರಾದರೆ "ಮೀರಜಿಗೆ ಒಯ್ಯಿರಿ" ಎನ್ನುವುದು ಈಗಲೂ ಮನೆಮನೆಯ ಮಾತು. ಆ ಮಾತಿನ ಬೇರು ಡಾಕ್ಟರ್ ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಅಲ್ಲಿ ಕಟ್ಟಿದ ಮಿಶನ್ ಆಸ್ಪತ್ರೆ. ಅದು ಅಮೆರಿಕದ ಪ್ರೆಸ್ಬಿಟೀರಿಯನ್ನರ ಕೆಲಸ. ಕೊಲ್ಹಾಪುರದಲ್ಲಿ 1852ರಲ್ಲಿ ರಾಯಲ್ ವೈಲ್ಡರ್ ಶುರುಮಾಡಿದ್ದು ಸಾಂಗಲಿ, ಮೀರಜವರೆಗೆ ಹಬ್ಬಿತು. ಅವರ ಭಾಷೆ ಮರಾಠಿ, ಅವರ ಪರಂಪರೆ ಇನ್ನೊಬ್ಬ ಸುಧಾರಕ ಜಾನ್ ಕ್ಯಾಲ್ವಿನ್‌ನದು. ಲೂಥರನ ನೆರಳು ಬಿದ್ದದ್ದು ಇನ್ನೊಂದು ದಾರಿಯ ಮೇಲೆ. ವಿಜಯಪುರ, ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿ, ಧಾರವಾಡ ಎಂದು ಆ ದಾರಿ ಸಾಗುತ್ತದೆ. ಅಲ್ಲಿನ ಮಾತು ಕನ್ನಡ, ಅಲ್ಲಿನ ಹೆಸರು ಬಾಸೆಲ್ ಮಿಶನ್.

ಮಿಶನ್ನಿನ ಕಥೆಗೆ ಹೋಗುವ ಮೊದಲು ಎರಡು ಶಬ್ದ ತಿಳಿಯಬೇಕು.

ಒಂದು "ಸಭೆ". ಹೊರಗಿನವರು ಚರ್ಚು ಎಂದರೆ ಗೋಪುರ, ಗಂಟೆ, ಶಿಲುಬೆಯ ಕಟ್ಟಡ ಎಂದುಕೊಳ್ಳುತ್ತಾರೆ. ಒಳಗಿನವರಿಗೆ ಆ ಕಟ್ಟಡ "ದೇವಾಲಯ", ಅದರಲ್ಲಿ ಕೂಡುವ ಜನ "ಸಭೆ". "ನಮ್ಮ ಸಭೆಯಲ್ಲಿ ಅರವತ್ತು ಮನೆ ಅದಾವು" ಎನ್ನುತ್ತಾರೆ. ಕಟ್ಟಡ ಬಿದ್ದರೂ ಸಭೆ ಇರಬಹುದು, ಕಟ್ಟಡ ನಿಂತಿದ್ದೂ ಸಭೆ ಇಲ್ಲದಿರಬಹುದು. ಒಂದು ಸಭೆಯ ಇತಿಹಾಸ ಬರೆಯ ಹೊರಟವರು ಅಡಿಗಲ್ಲಿನ ಮೇಲಿನ ವರ್ಷದಿಂದ ಶುರುಮಾಡಿದರೆ ಎಡವಿದಂತೆಯೇ. ಎಷ್ಟೋ ಕಡೆ ಜನ ಮೊದಲು ಕೂಡಿದ್ದು ಮರದ ನೆರಳಿನಲ್ಲಿ, ಆಮೇಲೆ ಶಾಲೆಯ ಕೋಣೆಯಲ್ಲಿ. ಕಲ್ಲಿನ ಗೋಡೆ ಎದ್ದದ್ದು ಎಷ್ಟೋ ವರ್ಷಗಳ ನಂತರ.

ಇನ್ನೊಂದು "ಲೂಥರನ್". ಲೂಥರ್ ಜರ್ಮನಿಯ ಸನ್ಯಾಸಿ, ವಿಶ್ವವಿದ್ಯಾಲಯದ ಮೇಷ್ಟ್ರು. ಪಾಪಕ್ಕೆ ಬರುವ ಶಿಕ್ಷೆಯನ್ನು ಹಣ ಕೊಟ್ಟು ತಗ್ಗಿಸಿಕೊಳ್ಳುವ ಪತ್ರಗಳು ಆಗ ಪೇಟೆಯಲ್ಲಿ ಮಾರಾಟವಾಗುತ್ತಿದ್ದವು. ಆತ ಅದನ್ನು ಪ್ರಶ್ನಿಸಿದ. ದೇವರ ಕೃಪೆ ಕೊಳ್ಳುವ ವಸ್ತುವಲ್ಲ, ಅದು ನಂಬಿಕೆಯಿಂದ ಸಿಗುವಂಥದ್ದು ಎನ್ನುವುದು ಅವನ ವಾದದ ತಿರುಳು. ಅದರ ಬೆನ್ನಿಗೇ ಇನ್ನೊಂದು ಮಾತು ಬಂತು. ನಂಬಬೇಕಾದವನಿಗೆ ಗ್ರಂಥ ತಿಳಿಯಬೇಕು, ತಿಳಿಯಬೇಕಾದರೆ ಅದು ಅವನ ಮನೆಮಾತಿನಲ್ಲಿರಬೇಕು. ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರ ಹೊತ್ತಿಗೆ ಇಡೀ ಬೈಬಲನ್ನೂ ಜರ್ಮನ್ ಭಾಷೆಗೆ ತಂದ. ನಡುವೆ 1529ರಲ್ಲಿ ಮನೆಯ ಯಜಮಾನ ಮಕ್ಕಳನ್ನು ಕೂಡಿಸಿಕೊಂಡು ಬಾಯಿಪಾಠ ಮಾಡಿಸಲೆಂದು ಪ್ರಶ್ನೋತ್ತರದ ಚಿಕ್ಕ ಪುಸ್ತಕವೊಂದನ್ನು ಬರೆದ. ನಾನು ಮೇಷ್ಟ್ರಾದ್ದರಿಂದಲೋ ಏನೋ, ಅವನ 95 ವಾದಾಂಶಗಳಿಗಿಂತ ನನಗೆ ಆ ಚಿಕ್ಕ ಪುಸ್ತಕದ ಮೇಲೆಯೇ ಹೆಚ್ಚು ಪ್ರೀತಿ. ಆತ ಬರೆದ ಹಾಡುಗಳೂ ಉಂಟು. ದೇವರನ್ನು ಭದ್ರವಾದ ಕೋಟೆಗೆ ಹೋಲಿಸುವ ಹಾಡು ಅವುಗಳಲ್ಲಿ ಪ್ರಸಿದ್ಧ. ಬೈಬಲಿನ 46ನೆಯ ಕೀರ್ತನೆ ಅದಕ್ಕೆ ಮೂಲ. ವಿಜಾಪುರದ ಕೋಟೆ ನೋಡುತ್ತ ಬೆಳೆದ ನಮ್ಮ ಮಂದಿಗೆ ಆ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಲೂಥರನ್ನರು ಭಾರತಕ್ಕೆ ಬಂದದ್ದು ತಮಿಳು ಕರಾವಳಿಯಿಂದ. ಡೆನ್ಮಾರ್ಕಿನ ರಾಜ ಕಳಿಸಿದ ಇಬ್ಬರು ಜರ್ಮನ್ ತರುಣರು, ತ್ಸೀಗನ್‌ಬಾಲ್ಗ್ ಮತ್ತು ಪ್ಲುಚೌ, 1706ರ ಜುಲೈಯಲ್ಲಿ ತರಂಗಂಬಾಡಿಯಲ್ಲಿ ಇಳಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಮುದ್ರಣಾಲಯ ಬಂತು, 1715ರಲ್ಲಿ ತಮಿಳಿನ ಹೊಸ ಒಡಂಬಡಿಕೆ ಅಚ್ಚಾಯಿತು. ಕನ್ನಡಕ್ಕೆ ಆ ಗಾಳಿ ಬೀಸಲು ಇನ್ನೂ ನೂರು ವರ್ಷ ಬೇಕಾಯಿತು. ಅದೂ ಮೊದಲು ಬೀಸಿದ್ದು ಲೂಥರನ್ನರಿಂದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ವರ್ಷಾನುಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಿರುಗಿಸಿದ. ಬಾಸೆಲಿನವರು ಬಂದಾಗ ಕನ್ನಡ ಬೈಬಲ್ ಸಿದ್ಧವಾಗಿತ್ತು. ಅದರ ಕನ್ನಡವನ್ನು ತಿದ್ದುವ ಕೆಲಸವೇ ಅವರಿಗೆ ಎಷ್ಟೋ ವರ್ಷ ಸಾಕಾಯಿತು.

ಇನ್ನು ಬಾಸೆಲ್. ಅದು ಸ್ವಿಟ್ಜರ್ಲೆಂಡಿನ ಊರು, ಜರ್ಮನಿ ಮತ್ತು ಫ್ರಾನ್ಸಿನ ಗಡಿಯ ಮೇಲೆ ಕೂತಿದೆ. ಗಡಿಯ ಊರಿನ ಜಾಯಮಾನ ಏನೆಂದು ನಮಗೆ ಹೇಳಿಕೊಡಬೇಕೆ? 1815ರಲ್ಲಿ ಅಲ್ಲಿ ಹುಟ್ಟಿದ ಮಿಶನ್ ಸಂಸ್ಥೆಗೆ ಸ್ವಿಸ್ ಜನ ಹಣ ಕೂಡಿಸುತ್ತಿದ್ದರು, ಅವರು ಕ್ಯಾಲ್ವಿನ್ ಮತ್ತು ಜ್ವಿಂಗ್ಲಿ ಎಂಬ ಸುಧಾರಕರ ದಾರಿಯ "ರಿಫಾರ್ಮ್ಡ್" ಪಂಗಡದವರು. ಮಿಶನರಿಗಳಾಗಿ ಹೊರಡುತ್ತಿದ್ದವರಲ್ಲಿ ಬಹಳ ಮಂದಿ ಪಕ್ಕದ ವ್ಯೂರ್ಟೆಂಬರ್ಗಿನ ರೈತರ, ನೇಕಾರರ, ಬಡ ಪಾದ್ರಿಗಳ ಮಕ್ಕಳು, ಅವರು ಲೂಥರನ್ನರು. ಇಬ್ಬರನ್ನೂ ಒಂದೇ ಪಂಗಡದ ಚೌಕಟ್ಟಿಗೆ ಕಟ್ಟಿಹಾಕಬಾರದೆಂದು ಬಾಸೆಲ್ ನಿರ್ಧರಿಸಿತ್ತು. ಆದ್ದರಿಂದ "ಬಾಸೆಲ್ ಮಿಶನ್ ಲೂಥರನ್ ಹೌದೋ ಅಲ್ಲವೋ?" ಎಂದು ಕೇಳಿದರೆ ಅರ್ಧ ಹೌದು ಎನ್ನುವುದೇ ಪ್ರಾಮಾಣಿಕ ಉತ್ತರ. ಹಾಡು, ಪ್ರಶ್ನೋತ್ತರದ ಬೋಧೆ, ಮಾತೃಭಾಷೆಯ ಹಟ ಬಂದದ್ದು ಲೂಥರನ ಮನೆಯಿಂದ. ಹಿರಿಯರ ಮಂಡಳಿ ಕೂಡಿ ಸಭೆಯ ಆಡಳಿತ ನಡೆಸುವ ರೀತಿ ಬಂದದ್ದು ಹೆಚ್ಚಾಗಿ ಆಚೆಯ ಮನೆಯಿಂದ. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುವಂತೆ ಒಂದೇ ಗೆರೆಯ ವ್ಯಾಖ್ಯೆ ಇಲ್ಲಿ ಸಿಗುವುದಿಲ್ಲ.

1833ರ ಕಾನೂನು ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು 1834ರ ಅಕ್ಟೋಬರ್ ಕೊನೆಗೆ ಮಂಗಳೂರು ಸೇರಿದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ತಮ್ಮ ವರದಿಗಳಲ್ಲಿ ಈ ಇಡೀ ಸೀಮೆಯನ್ನು ಅವರು "ದಕ್ಷಿಣ ಮರಾಠಾ" ಎಂದು ಕರೆದರು, ಏಕೆಂದರೆ ಆಗ ಸರಕಾರದ ಕಾಗದಗಳಲ್ಲಿ ಇದ್ದ ಹೆಸರು ಅದೇ. ಕೆಲಸ ನಡೆದದ್ದೆಲ್ಲ ಕನ್ನಡದಲ್ಲಿ, ಹೆಸರು ಮಾತ್ರ ಮರಾಠಾ! ಜತ್ತದವನಾದ ನನಗೆ ಅದನ್ನು ಓದಿ ನಗು ಬಂತು. ನಮ್ಮ ಪಾಡು ಆಗಲೂ ಹಾಗೇ ಇತ್ತಲ್ಲ.

ಈ ಸಾಲಿನಲ್ಲಿ ಗದಗಿನ ಸಮೀಪದ ಮಲಸಮುದ್ರದ ಕಥೆ ಬಹಳ ವಿಚಿತ್ರ. ಅದನ್ನು ಅವಸರದಲ್ಲಿ ದಾಟಬಾರದು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಲಜ್ಞಾನ ಹಾಡುವ, ಕೇಳುವ ಪರಂಪರೆ ಹಳೆಯದು. ಕಲಿಯ ಕೇಡು ತುಂಬಿದ ಮೇಲೆ ವೀರವಸಂತರಾಯ ಬರುತ್ತಾನೆ, ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ ಎಂಬ ನಿರೀಕ್ಷೆ ಅದರಲ್ಲಿದೆ. 1840ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ್ದ ಕೆಲವರು ಧಾರವಾಡ, ಹುಬ್ಬಳ್ಳಿಯ ಕಡೆ ಈ ಬಿಳಿಯ ಬೋಧಕರನ್ನು ಕಂಡರು. ಒಬ್ಬನೇ ದೇವರು, ವಿಗ್ರಹ ಬೇಡ, ಜಾತಿ ಬೇಡ, ಬರಲಿರುವ ರಾಜ್ಯ ಎಂಬ ಮಾತುಗಳನ್ನು ಕೇಳಿ, ನಮ್ಮ ಗ್ರಂಥ ಹೇಳಿದವರು ಇವರೇ ಇರಬೇಕೆಂದು ಹತ್ತಿರ ಬಂದರು. ಇತ್ತ ಮಿಶನರಿಗಳ ಎದೆ ಉಬ್ಬಿತು. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದ ಚುರುಕು ಬುದ್ಧಿಯ, ಬೇಗ ಉರಿಯುವ ಮನುಷ್ಯ. ಸಾವಿರಾರು ಜನ ಒಟ್ಟಿಗೆ ಬರುತ್ತಾರೆಂದು ಆತ ನಂಬಿದ. ಬಂದವರು ಊರಿನಿಂದ ಹೊರಬಿದ್ದರೆ ಬದುಕುವುದು ಹೇಗೆ? ಅದಕ್ಕೆಂದು ಮಲಸಮುದ್ರದಲ್ಲಿ ಭೂಮಿ ಹಿಡಿದು ಒಕ್ಕಲುತನದ ವಸಾಹತು ಹೂಡಿದರು.

ಸಾವಿರಾರು ಜನ ಬರಲಿಲ್ಲ. ಬೋಧಕರ ಬಾಯಿಂದ ವೀರವಸಂತನ ಹೆಸರು ಬರಲಿಲ್ಲವೆಂದು ತಿಳಿದ ಮೇಲೆ ಕಾಲಜ್ಞಾನಿಗಳು ಮೆಲ್ಲಗೆ ಹಿಂದೆ ಸರಿದರು. ಎರಡೂ ಕಡೆಯವರು ಎದುರಿಗಿದ್ದವರಲ್ಲಿ ತಮ್ಮ ಕನಸನ್ನೇ ಕಂಡಿದ್ದರು. ವಸಾಹತಿನ ಲೆಕ್ಕ ಕೈಗೂಡದೆ ಮೋಗ್ಲಿಂಗ್ ಮಂಗಳೂರಿಗೆ ಮರಳಿದ. ಮಿಶನ್ನಿನ ಕಥೆ ಹೇಳುವವರು ಇದನ್ನು ಸೋಲು ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಈ ನೆಲದಲ್ಲಿ ಮೊದಲೇ ಬಿತ್ತಿದ್ದ ಮಾತುಗಳೇ ಹೊಸ ಮಾತಿಗೆ ಕಿವಿಕೊಟ್ಟವು ಎನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದಿಗೂ ಸಭೆಯಲ್ಲಿ ಬಳಸುವ ಶಬ್ದಗಳನ್ನು ನೋಡಿ: ದೀಕ್ಷಾಸ್ನಾನ (ಬ್ಯಾಪ್ಟಿಸಂ), ಸತ್ಯವೇದ (ಬೈಬಲ್), ಪ್ರಸಂಗ, ಕಾಣಿಕೆ, ಕೀರ್ತನೆ. ಇವುಗಳಲ್ಲಿ ಒಂದಾದರೂ ಹಡಗಿನಲ್ಲಿ ಬಂದದ್ದೆ? ಲಿಂಗದೀಕ್ಷೆ ಗೊತ್ತಿದ್ದವನಿಗೆ ದೀಕ್ಷೆ ಎಂದರೆ ಅರ್ಧ ಅರ್ಥವಾಯಿತು, ದಾಸರ ಕೀರ್ತನೆ ಕೇಳಿದವನಿಗೆ ಕೀರ್ತನೆ ಹೊಸದಲ್ಲ.

ಬೆಟಗೇರಿ ಮತ್ತು ಗುಳೇದಗುಡ್ಡದ ಸಭೆಗಳು ಇನ್ನೊಂದು ಬಗೆಯವು. ಎರಡೂ ಮಗ್ಗದ ಊರುಗಳು. ಗುಳೇದಗುಡ್ಡದ ಖಣ ಎಂದರೆ ಜತ್ತದ ಹೆಣ್ಣುಮಕ್ಕಳಿಗೆ ಪರಿಚಯ ಬೇಡ, ಅವ್ವನ ಪೆಟ್ಟಿಗೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ನೇಕಾರಿಕೆ ಒಬ್ಬನಿಂದ ಆಗುವ ಕೆಲಸವಲ್ಲ. ನೂಲು ಕೊಡುವ ಸಾಹುಕಾರ, ಬಣ್ಣ ಹಾಕುವವ, ಹಾಸು ಹೂಡುವ ಮನೆಮಂದಿ, ಅರಿವೆ ಕೊಳ್ಳುವವ ಎಲ್ಲ ಒಂದು ಸರಪಳಿ. ಒಬ್ಬ ದೀಕ್ಷೆ ಪಡೆದರೆ ಮೊದಲು ಹರಿಯುತ್ತಿದ್ದುದು ಈ ಸರಪಳಿ. ನೂಲು ಸಿಗುವುದಿಲ್ಲ, ಸೋದರ ಮಾವ ಹೆಣ್ಣು ಕೊಡುವುದಿಲ್ಲ, ಬಾವಿಯ ನೀರಿಗೂ ತಕರಾರು. ಮತ ಬದಲಿಸಿದವನಿಗೆ ಪಿತ್ರಾರ್ಜಿತ ಆಸ್ತಿ ತಪ್ಪಬಾರದೆಂದು ಕಂಪನಿ ಸರಕಾರ 1850ರಲ್ಲಿ ಕಾನೂನು ಮಾಡಿತು. ಆದರೆ ಕಾಯಿದೆ ಹೊಲ ಕೊಡಿಸಬಹುದು, ಓಣಿಯ ಮಂದಿಯ ಮಾತುಕತೆ ಕೊಡಿಸುವುದಿಲ್ಲ.

ಬಾಸೆಲ್ ಮಿಶನ್ ಕೈಗಾರಿಕೆಗೆ ಇಳಿದದ್ದಕ್ಕೆ ಈ ಸಂಕಟವೇ ಮೂಲ. ಮಂಗಳೂರಿನಲ್ಲಿ ಯೋಹಾನ್ ಹಾಲರ್ 1851ರಿಂದ ನೇಯ್ಗೆಯ ಕಾರ್ಖಾನೆಗೆ ಹೊಸ ರೂಪ ಕೊಟ್ಟ. ಖಾಕಿ ಬಣ್ಣ ಮೊದಲು ತಯಾರಾದದ್ದು ಅಲ್ಲೇ ಎಂಬ ಮಾತು ಪ್ರಸಿದ್ಧ. ಗೆಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. "ಮಂಗಳೂರು ಹೆಂಚು" ದೇಶ ದಾಟಿ ಹೋಯಿತು. ನಮ್ಮ ಮಣ್ಣಿನ ಮಾಳಿಗೆಯ ಸೀಮೆಗೆ ಅಷ್ಟಾಗಿ ಬರಲಿಲ್ಲ, ನಮಗೆ ಸುರಿಯುವ ಮಳೆಗೆ ಹೆಂಚು ಬೇಕಾಗಿಯೂ ಇರಲಿಲ್ಲ. ಕಾರ್ಖಾನೆ ಊಟ ಕೊಟ್ಟಿತು, ಜೊತೆಗೆ ಒಂದು ತೊಡಕನ್ನೂ ತಂದಿತು. ಕೂಲಿ ಕೊಡುವವನೂ ಪ್ರಸಂಗ ಹೇಳುವವನೂ ಒಂದೇ ಮನೆಯವರಾದಾಗ ಸಭೆಯ ಸದಸ್ಯ ತಲೆ ಎತ್ತಿ ಮಾತಾಡುವುದು ಕಷ್ಟ. ಜಾತಿಯ ವಿಷಯದಲ್ಲಿ ಬಾಸೆಲಿನವರು ಕಟ್ಟುನಿಟ್ಟು. ಒಂದೇ ಪಾತ್ರೆಯಿಂದ ಕರ್ತನ ಭೋಜನ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಒಂದೇ ಜಮಖಾನೆಯ ಮೇಲೆ ಕೂಡುವುದು. ಹಾಗೆಂದು ಹಳೆಯ ಓಣಿಗಳ ನೆನಪು ಮದುವೆಯ ಮಾತುಕತೆಯಲ್ಲಿ ಪೂರ್ತಿ ಅಳಿಸಿಹೋಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ.

1876ರಲ್ಲಿ ಮಳೆ ಕೈಕೊಟ್ಟಿತು.  ಆಗ ವಿಜಾಪುರ ಇನ್ನೂ ಜಿಲ್ಲಾ ಕೇಂದ್ರವಲ್ಲ, ಕಲಾದಗಿ ಜಿಲ್ಲೆಗೆ ಸೇರಿದ ಪಾಳುಬಿದ್ದ ಊರು. ಆ ಜಿಲ್ಲೆ ಬರದಲ್ಲಿ ಬಹಳ ಜನರನ್ನು ಕಳೆದುಕೊಂಡಿತು. ತಂದೆತಾಯಿ ಸತ್ತ ಮಕ್ಕಳು ಮಿಶನ್ನಿನ ಅನಾಥಾಲಯಗಳಲ್ಲಿ ಬೆಳೆದರು. ಹಳೆಯ ಸಭೆಗಳ ಎಷ್ಟೋ ಮನೆತನಗಳ ಕಥೆ "ನಮ್ಮ ಅಜ್ಜ ಬರದಾಗ ಸಿಕ್ಕ ಹುಡುಗ" ಎಂಬಲ್ಲಿಗೇ ನಿಲ್ಲುತ್ತದೆ. ಅದರ ಹಿಂದಿನ ಊರು, ಕುಲ, ದೈವ ಒಂದೂ ತಿಳಿಯದು. ಹಸಿದವನಿಗೆ ಅನ್ನ ಕೊಟ್ಟು ಮತ ಕೊಟ್ಟರೆಂದು ದೂರುವವರಿದ್ದಾರೆ, ಅನ್ನವನ್ನಾದರೂ ಕೊಟ್ಟರಲ್ಲ ಎನ್ನುವವರೂ ಇದ್ದಾರೆ. ನನ್ನ ವರ್ಗದಲ್ಲಿ ನಾನು ಎರಡನ್ನೂ ಹೇಳುತ್ತೇನೆ.

1885ರ ಹೊತ್ತಿಗೆ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದವು. ಅದೇ ಹೊತ್ತಿಗೆ ಬಾಸೆಲ್ ಮಿಶನ್ನೂ ಅಲ್ಲಿ ನೆಲೆ ಹೂಡಿತು. ಕಚೇರಿ ಬಂದರೆ ಕಾರಕೂನರು ಬರುತ್ತಾರೆ, ಕಾರಕೂನರು ಬಂದರೆ ಶಾಲೆ ಬೇಕಾಗುತ್ತದೆ, ಶಾಲೆಯ ಹಿಂದೆ ಸಭೆ. ಜತ್ತದ ಹಳ್ಳಿಗಳಿಂದ ಸಂತೆಗೆ, ಕೋರ್ಟಿಗೆ ವಿಜಾಪುರಕ್ಕೆ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಲೂಥರನ ದಾರಿಯ ಕನ್ನಡ ಸಭೆ ಅತಿ ಹತ್ತಿರದಲ್ಲಿ ಇದ್ದದ್ದು ಅಲ್ಲೇ.

ಈಗ ಪುಸ್ತಕದ ಕಡೆ ಹೊರಳೋಣ. ಬಾಸೆಲಿನವರ ನೆನಪು ಊರವರ ಬಾಯಲ್ಲಿ ಹೆಚ್ಚು ಉಳಿದದ್ದು ಈ ಕಾರಣಕ್ಕೆ. ಮಲಸಮುದ್ರದಿಂದ ಮರಳಿದ ಮೋಗ್ಲಿಂಗ್ 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಜುಲೈ 1ನ್ನು ಪತ್ರಕರ್ತರು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಬಳಿಕ ಆತ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ. ಬೋಧಿಸಲು ಬಂದವನು ತಾನು ಅಲ್ಲಗಳೆಯುವ ಮತಗಳ ಗ್ರಂಥಗಳನ್ನು ಅಚ್ಚುಹಾಕಿದ್ದೇಕೆ? ಜನರ ಮನಸ್ಸು ತಿಳಿಯಲು ಎಂದು ಶುರುವಾದದ್ದು ಕಡೆಗೆ ಭಾಷೆಯ ಮೇಲಿನ ಮೋಹಕ್ಕೆ ಮುಟ್ಟಿತೆಂದು ನನ್ನ ಅಂದಾಜು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್‌ಗಂತೂ ಆ ಮೋಹ ಜೀವಮಾನದ ದುಡಿಮೆಯಾಯಿತು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಓಡಾಡುತ್ತ ಶಬ್ದ, ಗಾದೆ, ಹಳ್ಳಿಯ ಬಳಕೆ ಎಲ್ಲ ಕೂಡಿಹಾಕಿದ. ನಿಘಂಟು 1894ರಲ್ಲಿ ಹೊರಬಂತು, ಸುಮಾರು 70,000 ಶಬ್ದಗಳೊಂದಿಗೆ. ಪೇಟೆಯ ಜನರ ಬಾಯಿ ನೋಡಿ ಅನುವಾದಿಸಬೇಕು ಎನ್ನುತ್ತಿದ್ದ ಲೂಥರನಿಗೆ ಕಿಟೆಲ್ ಒಪ್ಪುವ ಶಿಷ್ಯ. ತಾಳ್ಮೆಯಲ್ಲಿ ಗುರುವನ್ನೂ ಮೀರಿಸಿದ.

ಆದರೆ ನನ್ನ ವಿದ್ಯಾರ್ಥಿಗಳಿಗೆ ನಾನು ಹೆಚ್ಚು ಹೊತ್ತು ಹೇಳುವುದು ಜರ್ಮನರ ಕಥೆಯನ್ನಲ್ಲ, ಉತ್ತಂಗಿ ಚನ್ನಪ್ಪನವರ ಕಥೆಯನ್ನು. ಅವರು 1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿ, ಮಂಗಳೂರಿನ ಬಲ್ಮಠದಲ್ಲಿ ದೈವಜ್ಞಾನ ಕಲಿತು, ಉತ್ತರ ಕರ್ನಾಟಕದ ಸಭೆಗಳಲ್ಲಿ ಸಭಾಪಾಲಕರಾದರು. ಸಭಾಪಾಲಕನ ದಿನಚರಿ ದೊಡ್ಡದೇನಲ್ಲ. ಭಾನುವಾರ ಪ್ರಸಂಗ, ವಾರದಲ್ಲಿ ಮನೆಮನೆಯ ಭೇಟಿ, ಹಳ್ಳಿಯ ಸುತ್ತಾಟ, ಕಾಯಿಲೆಯವರ ಹತ್ತಿರ ಪ್ರಾರ್ಥನೆ, ಹೆಣ ಮಣ್ಣು ಮಾಡುವುದು. ಹಾಗೆ ಸುತ್ತುವಾಗ ಊರೂರಲ್ಲಿ ಜನರ ನಾಲಿಗೆಯ ಮೇಲೆ ಸರ್ವಜ್ಞನ ತ್ರಿಪದಿಗಳು ಅವರ ಕಿವಿಗೆ ಬಿದ್ದವು. ಒಂದು ಕಡೆ ಒಂದು ಪಾಠ, ಇನ್ನೊಂದು ಕಡೆ ಇನ್ನೊಂದು. ಅವರು ಬರೆದುಕೊಂಡರು, ಓಲೆಗರಿ ಹುಡುಕಿದರು, ಹೋಲಿಸಿದರು. ವರ್ಷಗಳ ಈ ದುಡಿಮೆ 1924ರಲ್ಲಿ "ಸರ್ವಜ್ಞನ ವಚನಗಳು" ಎಂಬ ಸಂಪುಟವಾಗಿ ಬಂತು. ಇಂದು ನಮ್ಮ ಮಕ್ಕಳು ಬಾಯಿಪಾಠ ಮಾಡುವ ಸರ್ವಜ್ಞ ಅಷ್ಟು ಅಚ್ಚುಕಟ್ಟಾಗಿ ಕೈಗೆ ಸಿಕ್ಕಿದ್ದು ಒಬ್ಬ ಸಭಾಪಾಲಕನ ಕಾಲ್ನಡಿಗೆಯಿಂದ.

ಅನುಭವ ಮಂಟಪ ಇತಿಹಾಸವೇ ಅಥವಾ ಕಟ್ಟುಕತೆಯೇ ಎಂಬ ಜಗಳ ಎದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಪುಸ್ತಕ ಬರೆದು ನಿಂತವರೂ ಉತ್ತಂಗಿಯವರೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. "ತಿರುಳ್ಗನ್ನಡದ ತಿರುಕ" ಎಂಬ ಹೆಸರು ಅವರಿಗೆ ಅಂಟಿಕೊಂಡಿತ್ತು. ಲಿಂಗಾಯತ ವಿದ್ವಾಂಸರು ಅವರನ್ನು ತಮ್ಮವರೆಂದರು, ಮಿಶನ್ನಿನ ಕೆಲವರಿಗೆ ಇವರ ಒಲವು ಅತಿಯಾಯಿತೆನಿಸಿತು, ಅವರು ಮಾತ್ರ ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದು 1962ರಲ್ಲಿ ತೀರಿಕೊಂಡರು. ಕಾಲಜ್ಞಾನಿಗಳಿಗೂ ಮೋಗ್ಲಿಂಗನಿಗೂ ಮಲಸಮುದ್ರದಲ್ಲಿ ಹೊಂದಿಕೆಯಾಗದ ಮಾತು ಈ ಒಬ್ಬ ಮನುಷ್ಯನ ಒಳಗೆ ಹೊಂದಿಕೊಂಡಿತು.

ಸಭೆಗಳ ಬೋರ್ಡು ಬದಲಾದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿತು. ಬ್ರಿಟಿಷ್ ಸರಕಾರಕ್ಕೆ ಜರ್ಮನ್ ಮಿಶನರಿಗಳು ಶತ್ರು ದೇಶದ ಪ್ರಜೆಗಳಾದರು. ಅವರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು, 1915–16ರಲ್ಲಿ "ಗೋಲ್ಕೊಂಡಾ" ಎಂಬ ಹಡಗಿನಲ್ಲಿ ಹಲವರನ್ನು ಊರಿಗೆ ಅಟ್ಟಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳ ಭಾರ ದೇಶೀ ಸಭಾಪಾಲಕರ, ಉಪದೇಶಿಗಳ, ಹಿರಿಯರ ಹೆಗಲಿಗೆ ಒಮ್ಮೆಲೇ ಬಿತ್ತು. ಅದು ಸಂಕಟದ ಕಾಲ. ಸಭೆ ತನ್ನ ಕಾಲ ಮೇಲೆ ನಿಲ್ಲಲು ಕಲಿತದ್ದೂ ಅದೇ ಕಾಲದಲ್ಲಿ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ದೇಶದ ಹೆಚ್ಚಿನ ಲೂಥರನ್ ಸಭೆಗಳು ಅದಕ್ಕೆ ಸೇರದೆ ತಮ್ಮ ಹೆಸರನ್ನು ಉಳಿಸಿಕೊಂಡವು. ಬಾಸೆಲಿನ ಕನ್ನಡ ಸಭೆಗಳು ಮುಂದೆ ಒಂದೊಂದಾಗಿ ಅದರಲ್ಲಿ ಸೇರಿದವು. ಮೀರಜಿನ ದಾರಿಯವರಲ್ಲಿ ಬಹಳ ಮಂದಿ 1970ರಲ್ಲಿ ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತ ಸಭೆಯ, ಸಿ.ಎನ್.ಐ.ಯ ಕಡೆಗಾದರು. ಹೀಗೆ ದಕ್ಷಿಣ, ಉತ್ತರ ಎಂಬ ಗೆರೆಯೂ ನಮ್ಮ ಹೊಲದ ಬದುವಿನ ಮೇಲೆಯೇ ಬಂದು ನಿಂತಿತು.

ನೀವು ಹೊಸಬರಾಗಿ ಇಂಥ ಸಭೆಯೊಂದನ್ನು ನೋಡಲು ಹೋದರೆ ಬೋರ್ಡಿನ ಮೇಲೆ ಲೂಥರನ ಹೆಸರು ಹುಡುಕಬೇಡಿ. ಸಿ.ಎಸ್.ಐ. ಎಂದಿರುತ್ತದೆ, ಹಿರಿಯರು ಮಾತ್ರ "ಬಾಸೆಲ್ ಮಿಶನ್ ದೇವಾಲಯ" ಎನ್ನುತ್ತಾರೆ. ಒಳಗೆ ಹೋಗಿ ಕೂಡಿ, ಯಾರೂ ಬೇಡವೆನ್ನುವುದಿಲ್ಲ. ವಿಗ್ರಹವಿಲ್ಲ, ಮೇಜಿನ ಮೇಲೆ ತೆರೆದ ಸತ್ಯವೇದ, ಗೋಡೆಯ ಮೇಲೆ ಅಂದಿನ ಹಾಡುಗಳ ಅಂಕಿ ಬರೆದ ಹಲಗೆ. ಹಾಡು ಶುರುವಾದಾಗ ಕಿವಿಗೊಡಿ. ಕೆಲವು ರಾಗ ಜರ್ಮನಿಯವು, ಎಲ್ಲರೂ ಎದ್ದು ನಿಂತು ನಿಧಾನವಾಗಿ ಹಾಡುತ್ತಾರೆ. ಇನ್ನು ಕೆಲವಕ್ಕೆ ತಬಲಾ, ಹಾರ್ಮೋನಿಯಂ ಬರುತ್ತವೆ, ಭಜನೆಯ ಧಾಟಿಗೆ ಚಪ್ಪಾಳೆ ಬೀಳುತ್ತದೆ. ಕರ್ತನ ಭೋಜನದ ದಿನವಾದರೆ ರೊಟ್ಟಿ, ದ್ರಾಕ್ಷಾರಸಕ್ಕೆ ಮುಂದೆ ಹೋಗಬೇಡಿ, ಅದು ಸಭೆಯಲ್ಲಿ ದೃಢೀಕರಣ ಪಡೆದ ಸದಸ್ಯರಿಗೆ. ಕಾಣಿಕೆಯ ಚೀಲ ಬಂದರೆ ಹಾಕುವುದು ಬಿಡುವುದು ನಿಮ್ಮಿಷ್ಟ.

ಆರಾಧನೆ ಮುಗಿದ ಮೇಲೆ, ಪರಿಚಯ ಬೆಳೆದ ಮೇಲೆ, ಸಭಾಪಾಲಕರನ್ನು ಹಳೆಯ ರಿಜಿಸ್ಟರುಗಳ ಬಗ್ಗೆ ಕೇಳಿ. ದೀಕ್ಷಾಸ್ನಾನ, ಮದುವೆ, ಸಮಾಧಿ ಎಂದು ಬೇರೆ ಬೇರೆ ಪುಸ್ತಕಗಳಿರುತ್ತವೆ. ಹೆಸರಿನ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿದರೆ ಬಸಪ್ಪ ಪೌಲನಾದದ್ದು, ಅವನ ಮೊಮ್ಮಗಳು ಮತ್ತೆ ಶಾಂತಾ ಆದದ್ದು ಕಾಣಬಹುದು. ಉದ್ಯೋಗದ ಕಾಲಮ್ಮಿನಲ್ಲಿ ಮೊದಲು ನೇಕಾರ, ಆಮೇಲೆ ಮೇಷ್ಟ್ರು, ಆಮೇಲೆ ನರ್ಸು, ರೈಲ್ವೆ. ಸಮಾಧಿಯ ಪುಸ್ತಕದಲ್ಲಿ ಒಂದೇ ತಿಂಗಳಲ್ಲಿ ಹಲವು ಹೆಸರು ಬಂದರೆ ಅದು ಪ್ಲೇಗಿನ ಇಲ್ಲವೆ ಇನ್ಫ್ಲುಯೆಂಜಾದ ವರ್ಷವೇ ಎಂದು ಲೆಕ್ಕ ಹಾಕಿ ನೋಡಿ. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ, ಬಾಸೆಲಿನಲ್ಲಿ ಮಿಶನ್ನಿನ ಮೂಲ ದಫ್ತರವಿದೆ.

ಪ್ರಶ್ನೆ ಕೇಳಿದ ಆ ಹುಡುಗಿಗೆ ಇಷ್ಟನ್ನೂ ಒಂದೇ ದಿನ ಹೇಳಲಾಗಲಿಲ್ಲ, ನಾಲ್ಕು ತಾಸು ಹಿಡಿಯಿತು. ಎಲ್ಲ ಕೇಳಿ ಅವಳು, "ಹಂಗಾದ್ರ ನಮ್ಮ ಅವ್ವನ ಖಣ ನೇಯ್ದವರು ಅವರ ಮಂದೀನೇ ಇರಬಹುದಲ್ರಿ?" ಎಂದಳು. ಇರಬಹುದು ಎಂದೆ. ಮರುದಿನ ಅವಳು ಆ ಖಣವನ್ನು ಶಾಲೆಗೇ ತಂದು ಮೇಜಿನ ಮೇಲೆ ಹರಡಿದಳು. ಅಂಚಿನಲ್ಲಿ ಯಾರ ಹೆಸರೂ ಇರಲಿಲ್ಲ.